ಏಳು ಬೀಗದ ಶಾಲೆ

ಫೆಬ್ರುವರಿ 3, ಸೋಮವಾರ

ಈ ಮನೆಯಲ್ಲಿ ತಲೆ ನೆಟ್ಟಗಿರುವುದು ನನ್ನೊಬ್ಬಳದೇ ಎಂದು ಕಾಣುತ್ತದೆ. ಅದೂ ಇನ್ನೆಷ್ಟು ದಿನವೋ.

ಮೊಮ್ಮಗಳು ಶಾಲೆಗೆ ಹೋಗದೆ ಇವತ್ತಿಗೆ, ರಜಾದಿನ ಬಿಟ್ಟು, ಹನ್ನೆರಡು ದಿನ. ಕಡ್ಡಿಯ ಹಾಗಿದ್ದಾಳೆಂದು ಹುಟ್ಟಿದ ವರ್ಷವೇ ಎಲ್ಲರೂ ಕಡ್ಡಿ ಎಂದು ಕರೆದರು, ಅದೇ ಉಳಿಯಿತು. ಹತ್ತು ವರ್ಷ, ಐದನೇ ಕ್ಲಾಸು. ದಿನಾ ಬೆಳಗ್ಗೆ ಸರಿಯಾಗಿ ಏಳು ನಲವತ್ತಕ್ಕೆ ಹೊಟ್ಟೆನೋವು ಶುರು. ಎಂಟೂವರೆಗೆ ಶಾಲೆಯ ಬೆಲ್ ಹೊಡೆಯುವ ಹೊತ್ತು ಕಳೆದರೆ ನೋವು ಮಾಯ. ಈ ಸಮಯಪಾಲನೆಯನ್ನು ಓದಿನಲ್ಲಿ ತೋರಿಸಿದ್ದರೆ ಎಲ್ಲಿರುತ್ತಿದ್ದಳೋ! ಹೊಟ್ಟೆಯ ಡಾಕ್ಟರು ನೋಡಿ ಏನೂ ಇಲ್ಲ ಎಂದರು. ಆಮೇಲೆ ಮನಸ್ಸಿನ ಡಾಕ್ಟರಮ್ಮ ನೋಡಿದರು. "ಯಾಕೆ ಹೋಗಲ್ಲ ಅಂತ ಕೇಳಬೇಡಿ, ಒತ್ತಾಯ ಮಾಡಬೇಡಿ. ಜೊತೆಗೆ ಕೂತು ಏನಾದ್ರೂ ಆಟ ಆಡಿ" ಎಂದು ಹೇಳಿ ಕಳಿಸಿದರು. ಮೂವತ್ತೊಂದು ವರ್ಷ ಲೆಕ್ಕ ಕಲಿಸಿ ನಿವೃತ್ತಳಾದ ನನಗೆ ಈ ಉಪದೇಶ.

ಕಡ್ಡಿಯ ಶಾಲೆಯ ಮುಖ್ಯೋಪಾಧ್ಯಾಯಿನಿಯಿಂದ ಇವತ್ತು ಕಾಗದ ಬಂತು. ಮಾರ್ಚ್ ಮೂರರ ಸೋಮವಾರದೊಳಗೆ ಹುಡುಗಿ ಬರದಿದ್ದರೆ ವಾರ್ಷಿಕ ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ಮುಂದಿನ ವರ್ಷ ಮತ್ತೆ ಐದನೇ ಕ್ಲಾಸು. ಓರಗೆಯವರೆಲ್ಲ ಮುಂದೆ ಹೋದಮೇಲೆ ಚಿಕ್ಕವರ ಜೊತೆ ಕೂರಬೇಕು. ಆಮೇಲೆ ಇವಳು ಶಾಲೆಯ ಮೆಟ್ಟಿಲು ಹತ್ತಿದಳು ಬಿಡಿ! ಇಂಥ ಎಷ್ಟು ಮಕ್ಕಳನ್ನು ನೋಡಿಲ್ಲ ನಾನು.

ಮಗಳು ಓದಿ ಅತ್ತಳು. ಅವಳು ಆಸ್ಪತ್ರೆಯಲ್ಲಿ ನರ್ಸು, ಬೆಳಗ್ಗೆ ಆರಕ್ಕೇ ಹೊರಡಬೇಕು. ಅಳಿಯ ಹಡಗಿನಲ್ಲಿದ್ದಾನೆ, ಬರುವುದು ಜೂನಿಗೆ. ಹಗಲೆಲ್ಲ ಈ ಗಂಟುಮೋರೆಯ ಎದುರು ನಾನೊಬ್ಬಳೇ.

ಶುರುವಾದದ್ದು ಯಾವಾಗ ಎಂದರೆ ಜನವರಿ ಹದಿನಾರು, ಗುರುವಾರ. ಅವತ್ತು ಸ್ಕರ್ಟು ಪೂರ್ತಿ ಒದ್ದೆ ಮಾಡಿಕೊಂಡು ಬಂದಳು. ಬಾಟಲಿ ಚೆಲ್ಲಿತಂತೆ. "ಮುಚ್ಚಳ ಹಾಕೋಕೂ ಬರಲ್ವಾ ನಿನಗೆ?" ಎಂದು ಬೈದೆ. ನೀರನ್ನಾದರೂ ಕುಡಿಯುತ್ತಾಳಾ? ಅವತ್ತೂ ತುಂಬಿದ ಬಾಟಲಿ ತುಂಬಿದ ಹಾಗೇ ವಾಪಸ್. ಮಾರನೇ ದಿನದಿಂದ ಹೊಟ್ಟೆನೋವು. ಬೈದದ್ದಕ್ಕೆ ಇಷ್ಟು ಹಠವೇ?

ಕಡ್ಡಿಗೆ ಇವತ್ತಿನ ಅಂಕ: ಹತ್ತಕ್ಕೆ ಎರಡು.

ಫೆಬ್ರುವರಿ 5, ಬುಧವಾರ

ಮಗಳು ಆಟದ ಪೆಟ್ಟಿಗೆ ತಂದಿದ್ದಾಳೆ. ಹೆಸರು ನೋಡಿ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. "ಏಳು ಬೀಗದ ಶಾಲೆ".

"ಶಾಲೆ ಅಂದ್ರೆ ಹೊಟ್ಟೆನೋವು ಬರೋ ಹುಡುಗಿಗೆ ಶಾಲೆಯ ಆಟಾನೇ ಸಿಕ್ತಾ ನಿನಗೆ?" ಎಂದೆ.

"ಅಮ್ಮ, ಇದು ಮಾಂತ್ರಿಕರ ಶಾಲೆ. ಒಳಗೆ ಹೋಗೋದಲ್ಲ, ತಪ್ಪಿಸ್ಕೊಂಡು ಹೊರಗೆ ಬರೋದು" ಎಂದಳು.

ಚೆನ್ನಾಯಿತು. ಅದೊಂದು ತರಬೇತಿ ಬಾಕಿ ಇತ್ತು.

ಕಥೆ ಹೀಗಿದೆ. ಮಂತ್ರ ಕಲಿಸುವ ಒಂದು ಶಾಲೆ. ಮುಖ್ಯೋಪಾಧ್ಯಾಯರು ಯಾವುದೋ ಮಂತ್ರ ತಪ್ಪಾಗಿ ಹೇಳಿ ಕನ್ನಡಿಯೊಳಗೆ ಸಿಕ್ಕಿಕೊಂಡಿದ್ದಾರೆ. ಇತ್ತ ಏಳು ಕೋಣೆಗೂ ಬೀಗ ಬಿದ್ದು ಮಕ್ಕಳು ಒಳಗೇ ಉಳಿದಿದ್ದಾರೆ. ನಮ್ಮ ಕಾಲದಲ್ಲಾಗಿದ್ದರೆ ಆ ಮನುಷ್ಯನ ಮೇಲೆ ವಿಚಾರಣೆ ಆಗುತ್ತಿತ್ತು. ಕೋಣೆಗೊಂದು ಲಕೋಟೆ. ಲಕೋಟೆಯಲ್ಲಿರುವ ಚಿತ್ರದ ಕಾರ್ಡುಗಳನ್ನು ನೋಡಿ ಮೂರಂಕಿಯ ಸಂಖ್ಯೆಯೊಂದನ್ನು ಕಂಡುಹಿಡಿಯಬೇಕು. ಅದನ್ನು ರಟ್ಟಿನ ಚಕ್ರದಲ್ಲಿ ತಿರುಗಿಸಿದರೆ ಕಿಟಕಿಯಲ್ಲಿ ತೆರೆದ ಬೀಗವೋ ಮುಚ್ಚಿದ ಬೀಗವೋ ಕಾಣುತ್ತದೆ. ತೆರೆದಿದ್ದರೆ ಮುಂದಿನ ಲಕೋಟೆ.

ಪೆಟ್ಟಿಗೆಯಲ್ಲಿ ಒಂದು ಮರಳುಗಡಿಯಾರವೂ ಇದೆ. ಅದೊಂದು ಮಾತ್ರ ನನಗೆ ಇಷ್ಟವಾಯಿತು. ನನ್ನ ಮೇಜಿನ ಮೇಲೆ ಮೂವತ್ತೊಂದು ವರ್ಷ ಇದ್ದದ್ದು ಅಂಥದ್ದೇ ಅಲ್ಲವೇ! "ಮರಳು ಲೆಕ್ಕ" ಎಂದರೆ ಇಡೀ ಶಾಲೆಗೆ ಗೊತ್ತು. ಎಲ್ಲರೂ ಎದ್ದು ನಿಲ್ಲಬೇಕು, ಮೂರು ನಿಮಿಷದ ಮರಳು ಬೀಳುವುದರೊಳಗೆ ಬಾಯಿಲೆಕ್ಕಕ್ಕೆ ಉತ್ತರ ಹೇಳಿದವರು ಕೂರಬೇಕು. ಹೇಳದವರು ಬೆಲ್ ಹೊಡೆಯುವವರೆಗೂ ನಿಂತೇ ಇರಬೇಕು, ಮಾರನೇ ದಿನ ಅವರಿಂದಲೇ ಶುರು. ಇನ್ಸ್‌ಪೆಕ್ಟರು ಬಂದು ನೋಡಿ ಹೊಗಳಿ ಬರೆದು ಹೋಗಿದ್ದರು. ಎರಡು ಜಡೆ ಹಾಕಿಕೊಂಡು ಬರುತ್ತಿದ್ದ ಒಬ್ಬಳನ್ನು, ನಾನು ಅವಳನ್ನು ಎರಡುಜಡೆ ಎಂದೇ ಕರೆಯುತ್ತಿದ್ದದ್ದು, ಒಂದು ವಾರ ಪೂರ್ತಿ ನಿಲ್ಲಿಸಿದ್ದೆ. ಆಮೇಲೆ ಅವಳೇ ಲೆಕ್ಕದ ಟೀಚರಾದಳು. ನಾನು ನಿವೃತ್ತಳಾದ ದಿನ ಅವಳು ಬೇರೆ ಊರಿನಿಂದ ನೋಡಲು ಬಂದಾಗ ನನ್ನ ಮರಳುಗಡಿಯಾರವನ್ನು ಅವಳ ಕೈಯಲ್ಲಿಟ್ಟೆ. ಇಂಥದ್ದನ್ನೆಲ್ಲ ಈಗಿನವರಿಗೆ ಹೇಳಿದರೆ ಮುಖ ಸಿಂಡರಿಸುತ್ತಾರೆ.

ಇನ್ನು ಆರು "ಸುಳಿವಿನ ಚೀಟಿ". ಉತ್ತರ ಹೊಳೆಯದಿದ್ದರೆ ತೆಗೆದು ನೋಡಬಹುದಂತೆ. ಅಂದರೆ ಕಾಪಿ! ಪೆಟ್ಟಿಗೆಯ ಒಳಗೇ ಇಟ್ಟು ಕೊಡುತ್ತಾರೆ! ಆರನ್ನೂ ಎತ್ತಿ ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕಡ್ಡಿ ನೋಡುತ್ತಾ ನಿಂತಿದ್ದಳು.

ಅಂಕ: ಮೂರು.

ಫೆಬ್ರುವರಿ 6, ಗುರುವಾರ

ಆಟ ಶುರು. ಬೆಳಗ್ಗೆ ಹತ್ತು ಗಂಟೆಗೆ ಊಟದ ಮೇಜು ಒರೆಸಿ ಕೂತೆವು.

ನಾನು ನಿಯಮಗಳ ಪುಸ್ತಕ ಓದುತ್ತಿದ್ದೆ. ತಲೆಬುಡವಿಲ್ಲದ ವಾಕ್ಯಗಳು. ಕೆಂಪು ಪೆನ್ನು ತೆಗೆದುಕೊಂಡು ಎರಡನೇ ಪುಟದವರೆಗೆ ತಿದ್ದಿದ್ದೆ, ಅಷ್ಟರಲ್ಲಿ ಕಡ್ಡಿ ಔಷಧಿ ಬಾಟಲಿಗಳ ಕಾರ್ಡು ನೋಡಿ "ಐನೂರ ಇಪ್ಪತ್ತಾರು" ಎಂದಳು. ಚಕ್ರ ತಿರುಗಿಸಿದರೆ ತೆರೆದ ಬೀಗ! ನನಗೆ ಆ ಕಾರ್ಡಿನಲ್ಲಿ ಬಾಟಲಿಗಳು ಬಿಟ್ಟರೆ ಬೇರೇನೂ ಕಂಡಿರಲಿಲ್ಲ.

ಆದರೆ ನಿಯಮ ಎಂದರೆ ನಿಯಮ. ಮರಳು ತಿರುಗಿಸುವ ಮೊದಲು ಹೇಳಿದ ಉತ್ತರ ಲೆಕ್ಕಕ್ಕಿಲ್ಲ. ಕಾರ್ಡುಗಳನ್ನು ಮತ್ತೆ ಜೋಡಿಸಿ ಮರಳು ತಿರುಗಿಸಿ "ಈಗ ಹೇಳು" ಎಂದೆ.

ಕೈ ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡಳು. "ಗೊತ್ತಿಲ್ಲ."

"ಎರಡು ನಿಮಿಷದ ಹಿಂದೆ ಗೊತ್ತಿತ್ತಲ್ಲೇ!"

"ಈಗ ಗೊತ್ತಿಲ್ಲ."

ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಎನಿಸಿತು. ಹತ್ತು ನಿಮಿಷದ ಮರಳು ಪೂರ್ತಿ ಬಿತ್ತು. ಗೊತ್ತಿದ್ದ ಉತ್ತರವನ್ನು ಹೇಳುವುದಿಲ್ಲ ಎಂದರೆ ಇದು ಕೊಬ್ಬಲ್ಲದೆ ಇನ್ನೇನು?

ಅಂಕ: ಎರಡೂವರೆ. ಅರ್ಧ ಅಂಕ ಬಾಟಲಿಗಳಿಗೆ.

ಫೆಬ್ರುವರಿ 9, ಭಾನುವಾರ

ಮಗಳಿಗೆ ರಜೆ, ಮೂವರೂ ಕೂತೆವು. ಮರಳು ತಿರುಗಿಸಲು ಕೈ ಹಾಕಿದೆ, ಮಗಳು ಕಿತ್ತುಕೊಂಡಳು.

"ಅಮ್ಮ, ಇದು ಆಟ. ಪಬ್ಲಿಕ್ ಪರೀಕ್ಷೆ ಅಲ್ಲ."

"ಆಟ ಅಂದ್ಮೇಲೆ ನಿಯಮ ಬೇಡ್ವಾ?"

"ನೀನು ಸ್ವಲ್ಪ ಹೊತ್ತು ಟೀಚರ್ ಆಗೋದು ಬಿಟ್ಟು ಅಜ್ಜಿ ಆಗ್ತೀಯಾ?"

ನನ್ನ ಹೊಟ್ಟೆಯಲ್ಲಿ ಹುಟ್ಟಿ ನನಗೇ ಪಾಠ. ಸಿಟ್ಟು ಬಂದು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದೆ, ತೊಳೆದಿಟ್ಟಿದ್ದನ್ನೂ ತೊಳೆದೆ. ಅತ್ತ ಅಮ್ಮ ಮಗಳು ಸೇರಿ ಎರಡನೇ ಕೋಣೆಯನ್ನೂ ಮೂರನೇ ಕೋಣೆಯನ್ನೂ ತೆರೆದುಬಿಟ್ಟರು. ಮೂರನೆಯದರಲ್ಲಿ ಪೊರಕೆಗಳನ್ನು ಉದ್ದದ ಪ್ರಕಾರ ಜೋಡಿಸಬೇಕಿತ್ತಂತೆ, ಕಡ್ಡಿ ನೋಡಿದ ತಕ್ಷಣ ಹೇಳಿದಳಂತೆ. ನಗು ಕೇಳಿಸಿತು. ಬಹಳ ದಿನವಾಗಿತ್ತು ಈ ಮನೆಯಲ್ಲಿ ಅವಳ ನಗು ಕೇಳಿ.

ನಾನಿಲ್ಲದಾಗಲೇ ನಗಬೇಕೇ?

ಫೆಬ್ರುವರಿ 12, ಬುಧವಾರ

ನಾಲ್ಕನೇ ಕೋಣೆ, ಗ್ರಂಥಾಲಯ. ಇಲ್ಲಿಗೆ ಬಂದು ಗಾಡಿ ನಿಂತಿದೆ.

ಲಕೋಟೆಯಲ್ಲಿರುವುದು ಒಂದೇ ಕಾರ್ಡು. ಮೇಲಿನ ಕೋಣೆಗೆ ಹೋಗಲು ಮೆಟ್ಟಿಲೇ ಇಲ್ಲದ ಗ್ರಂಥಾಲಯದ ಚಿತ್ರ. ಕೆಳಗೆ ಒಂದು ಸಾಲು: "ನೆರವಿಗೆ ನಿಂತವರ ಬೆನ್ನ ಮೇಲೆ ದಾರಿಯಿದೆ." ಯಾರ ಬೆನ್ನು? ಎಂಥ ದಾರಿ? ಚಿತ್ರದಲ್ಲಿ ನೆರವಿಗೆ ನಿಂತ ನರಪಿಳ್ಳೆಯೂ ಇಲ್ಲ. ಪುಸ್ತಕಗಳ ಬೆನ್ನು ಇರಬೇಕೆಂದು ಎಣಿಸಿದೆ, ಕಪಾಟಿನಲ್ಲಿ ನೂರ ನಲವತ್ತೆಂಟು. ಚಕ್ರದಲ್ಲಿ ಹಾಕಿದರೆ ಮುಚ್ಚಿದ ಬೀಗ. ಕಪ್ಪು ಪುಸ್ತಕಗಳನ್ನು ಬಿಟ್ಟು ಎಣಿಸಿದೆ. ಮುಚ್ಚಿದ ಬೀಗ.

ಕಡ್ಡಿ ಎದುರು ಕೂತು ಉಗುರು ನೋಡಿಕೊಳ್ಳುತ್ತಿದ್ದಳು. "ನಿನಗೇನಾದ್ರೂ ಹೊಳೀತಾ?" ಎಂದೆ. ತಲೆ ಅಲ್ಲಾಡಿಸಿದಳು. ಹೌದೆಂದೋ ಇಲ್ಲವೆಂದೋ ದೇವರೇ ಬಲ್ಲ.

ಅಂಕ: ಮೂರು. ನನಗೆ ತಾಳ್ಮೆಗೆ ಒಂಬತ್ತು.

ಫೆಬ್ರುವರಿ 15, ಶನಿವಾರ

ಎಣಿಸಿದೆ, ಕೂಡಿಸಿದೆ, ಗುಣಿಸಿದೆ. ಇನ್ನೂರ ಹನ್ನೊಂದು ಸಂಖ್ಯೆಗಳನ್ನು ಪ್ರಯತ್ನಿಸಿದ್ದೇನೆ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಆಟದವರದೇ ತಪ್ಪು. ಕಾರ್ಡು ಹಾಕುವುದನ್ನೇ ಮರೆತಿದ್ದಾರೆ.

ಕಡ್ಡಿಯನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿದ್ದೆವು. ಒಳಗೆ ಮುಕ್ಕಾಲು ಗಂಟೆ ಅವರಿಬ್ಬರೂ ಬಣ್ಣ ಹಚ್ಚಿದರಂತೆ. ಹೊರಗೆ ಬಂದು "ಪರವಾಗಿಲ್ಲ, ಮನೆಯಲ್ಲಿ ಆಟ ಮುಂದುವರೀಲಿ" ಎಂದರು. ಮಾರ್ಚ್ ಮೂರಕ್ಕೆ ಹದಿನಾರು ದಿನ ಉಳಿದಿದೆ. ಇವರಿಗೆಲ್ಲ ಬಣ್ಣ ಹಚ್ಚುವಷ್ಟು ಪುರುಸೊತ್ತು!

ಫೆಬ್ರುವರಿ 18, ಮಂಗಳವಾರ

ಆಟ ತಯಾರಿಸಿದವರಿಗೆ ಎರಡು ಪುಟದ ಕಾಗದ ಬರೆದು ಅಂಚೆಗೆ ಹಾಕಿದೆ. ಇನ್ನೂರ ಹನ್ನೊಂದು ಸಂಖ್ಯೆಗಳ ಪಟ್ಟಿಯನ್ನೂ ಲಗತ್ತಿಸಿದ್ದೇನೆ. "ಮಕ್ಕಳ ಆಟದಲ್ಲಿ ಇಂಥ ಬೇಜವಾಬ್ದಾರಿ ಸಲ್ಲದು" ಎಂಬ ವಾಕ್ಯದ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಕಾಗದವನ್ನು ಗಟ್ಟಿಯಾಗಿ ಓದಿ ಕಡ್ಡಿಗೆ ಕೇಳಿಸಿದೆ. ಏನೋ ಹೇಳಲು ಬಾಯಿ ತೆರೆದಳು. "ಏನೇ?" ಎಂದೆ. "ಏನಿಲ್ಲ" ಎಂದು ಬಾಯಿ ಮುಚ್ಚಿಕೊಂಡಳು.

ಏನಿಲ್ಲ, ಗೊತ್ತಿಲ್ಲ, ಬೇಡ. ಈ ಹುಡುಗಿಯ ಬಾಯಿಂದ ಬೇರೆ ಮಾತು ಕೇಳಿ ತಿಂಗಳಾಯಿತು.

ಫೆಬ್ರುವರಿ 20, ಗುರುವಾರ

ಏಳು ನಲವತ್ತು. ಹೊಟ್ಟೆನೋವು. ಸಾಕಪ್ಪಾ ಸಾಕು.

ಫೆಬ್ರುವರಿ 24, ಸೋಮವಾರ

ಬೆಳಗ್ಗೆ ಹತ್ತೂಕಾಲಿಗೆ ಇಬ್ಬರೂ ಒಣಗಿದ ಬಟ್ಟೆ ಮಡಿಸುತ್ತಿದ್ದೆವು. ಇನ್ನೊಂದೇ ವಾರ ಉಳಿದಿದೆ ಎಂಬುದು ನನ್ನ ತಲೆ ಕೊರೆಯುತ್ತಿತ್ತು. ಸಿಟ್ಟನ್ನು ಆಟದ ಮೇಲೆ ತೀರಿಸಿಕೊಂಡೆ. "ಆ ದರಿದ್ರ ಪೆಟ್ಟಿಗೆಯನ್ನ ಇವತ್ತೇ ಅಂಗಡಿಗೆ ವಾಪಸ್ ಕೊಡ್ತೀನಿ" ಎಂದೆ.

ಕಡ್ಡಿ ಕೈಯಲ್ಲಿದ್ದ ಟವೆಲಿಗೆ ಹೇಳಿದ ಹಾಗೆ ಹೇಳಿದಳು. "ಬೀರುವಿನಲ್ಲಿದೆ ಅಜ್ಜಿ."

"ಏನು ಬೀರುವಿನಲ್ಲಿ?"

"ಸುಳಿವಿನ ಚೀಟಿ. ಓದೋದು ಬೇಡ, ಹಿಂದೆ ನೋಡು. ಪೆಟ್ಟಿಗೆಯಲ್ಲಿ ಇರೋದನ್ನೆಲ್ಲಾ ಬಳಸಬೇಕು ಅಂತ ಮೊದಲನೇ ಪುಟದಲ್ಲೇ ಬರೆದಿದೆ."

ಬೀಗ ತೆಗೆದು ಚೀಟಿಗಳನ್ನು ತಂದೆ. ಬೆನ್ನುಮೇಲಾಗಿ ಪಕ್ಕಪಕ್ಕ ಇಟ್ಟರೆ ಆರೂ ಸೇರಿ ಒಂದು ಮೆಟ್ಟಿಲ ಸಾಲು, ಮೂರು ಮೆಟ್ಟಿಲ ಮೇಲೆ ಮೂರು ಅಂಕಿ. ಅರ್ಧ ನಿಮಿಷದಲ್ಲಿ ಬೀಗ ತೆರೆಯಿತು. ಮೊದಲನೇ ಪುಟದಲ್ಲಿ ಆ ವಾಕ್ಯ ಇದ್ದದ್ದು ನಿಜ. ನಾನೇ ಕೆಂಪು ಪೆನ್ನಿನಲ್ಲಿ ಅದರ ಅಲ್ಪವಿರಾಮ ತಿದ್ದಿದ್ದೆ.

"ನಿನಗೆ ಯಾವಾಗ ಗೊತ್ತಾಯ್ತು ಇದು?"

"ಮೊದಲನೇ ದಿನಾನೇ."

"ಹನ್ನೆರಡು ದಿನ ನಾನು ಕೂಡಿಸಿ ಕಳೆದು ಒದ್ದಾಡ್ತಿದ್ದೆ! ಕಾಗದ ಬೇರೆ ಬರೆದೆ! ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತೇ ನಿನಗೆ?"

"ಹೇಳಿ ತಪ್ಪಾದ್ರೆ ನಿಂತ್ಕೋಬೇಕಲ್ಲ."

"ಈ ಮನೆಯಲ್ಲಿ ಯಾರು ನಿನ್ನನ್ನ ನಿಲ್ಲಿಸಿದ್ರು?"

"ಮನೆಯಲ್ಲಿ ಅಲ್ಲ."

ನಾನು ಮುಂದೆ ಕೇಳಲಿಲ್ಲ. ಡಾಕ್ಟರಮ್ಮನ ಮಾತು ನೆನಪಾಗಿ ಅಲ್ಲ, ಏನು ಕೇಳಬೇಕೆಂದೇ ತೋಚಲಿಲ್ಲ. ಅವಳೇ ಹೇಳಿದಳು. ಒಂದೇ ಟವೆಲನ್ನು ಬಿಚ್ಚುತ್ತಾ ಮಡಿಸುತ್ತಾ ಹೇಳಿದಳು.

ಜನವರಿಯಲ್ಲಿ ಹೊಸ ಲೆಕ್ಕದ ಟೀಚರ್ ಬಂದಿದ್ದಾರೆ. ಮೇಜಿನ ಮೇಲೆ ಮರಳುಗಡಿಯಾರ ಇಡುತ್ತಾರೆ. ಎಲ್ಲರೂ ನಿಲ್ಲಬೇಕು, ಉತ್ತರ ಹೇಳಿದವರು ಕೂರಬೇಕು. ಮನೆಯಲ್ಲಿ ಬರುವ ಲೆಕ್ಕವೆಲ್ಲ ಮರಳು ಬೀಳಲು ಶುರುವಾದರೆ ಇವಳ ತಲೆಯಿಂದ ಹೊರಟು ಹೋಗುತ್ತದೆ. ಎಲ್ಲರೂ ಕೂತ ಮೇಲೆ ಇವಳೊಬ್ಬಳೇ. ಮಾರನೇ ದಿನ ಇವಳಿಂದಲೇ ಶುರು. ಒಂಬತ್ತು ದಿನ ಹೀಗೆ. ಒಂಬತ್ತನೇ ದಿನ, ನಿಂತಿದ್ದಾಗ, ಬಾತ್‌ರೂಮಿಗೆ ಹೋಗಬೇಕೆಂದು ಕೇಳಿದಳಂತೆ.

"ಉತ್ತರ ಹೇಳಿ ಹೋಗು ಅಂದ್ರು."

"ಏನು ಲೆಕ್ಕ?" ಎಂದೆ. ನನ್ನ ಬಾಯಿಗೆ ಬಂದದ್ದು ಅದು! ಹುಡುಗಿ ಹೇಳುತ್ತಿರುವುದೇನು, ನಾನು ಕೇಳಿದ್ದೇನು!

"ಹದಿನೇಳು ಹದಿಮೂರಲಿ."

ಟವೆಲನ್ನು ಇನ್ನೊಂದು ಸಲ ಮಡಿಸಿದಳು.

ಜನವರಿ ಹದಿನಾರು, ಗುರುವಾರ. ಬಾಟಲಿ ಚೆಲ್ಲಿತು ಎಂದಳು. ಚೆಲ್ಲಿದ ಬಾಟಲಿ ತುಂಬಿರುವುದು ಹೇಗೆ? ಕೈಯಲ್ಲಿ ಹಿಡಿದು ನೋಡಿದ್ದೆ. ಈ ದಿನಚರಿಯಲ್ಲೇ ಬರೆದಿದ್ದೇನೆ. ಒಂದನೇ ಕ್ಲಾಸಿನ ಕಳೆಯುವ ಲೆಕ್ಕ ಅದು, ಮೂವತ್ತೊಂದು ವರ್ಷ ಕಲಿಸಿದವಳಿಗೆ ಬರಲಿಲ್ಲ. ಮುಚ್ಚಳ ಹಾಕಲು ಬರುವುದಿಲ್ಲ ಎಂದು ಬೈದೆ. ಥೂ ನನ್ನ ಜನ್ಮಕ್ಕೆ.

ಫೆಬ್ರುವರಿ 25, ಮಂಗಳವಾರ

ನಿನ್ನೆ ಸಂಜೆ ಮಗಳಿಗೆ ಹೇಳಿದೆ. ಕುದಿಯುತ್ತಿದ್ದಾಳೆ, ಆ ಟೀಚರನ್ನು ಕೆಲಸದಿಂದ ತೆಗೆಸುತ್ತೇನೆ ಎನ್ನುತ್ತಿದ್ದಾಳೆ. "ನೀನು ಸುಮ್ನಿರು, ನಾನು ಹೋಗ್ತೀನಿ. ಅವಳಿಗೆ ಹೇಗೆ ಹೇಳ್ಬೇಕೋ ನನಗೆ ಗೊತ್ತು" ಎಂದೆ.

ಇವತ್ತೆಲ್ಲ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಮರಳು ಲೆಕ್ಕಕ್ಕೂ ಒಂದು ಕ್ರಮವಿದೆ. ನಾನು ಯಾರನ್ನೂ ಬಾತ್‌ರೂಮಿಗೆ ಹೋಗಬೇಡ ಎಂದವಳಲ್ಲ. ಅಥವಾ ಯಾರೂ ಕೇಳಿದ್ದು ನೆನಪಿಲ್ಲ. ಯಾರಾದರೂ ಕೇಳಿದ್ದರೋ ಏನೋ. ಕೇಳಲು ಹೆದರಿದ್ದರೋ.

ಆ ಟೀಚರ್ ನನ್ನ ಪದ್ಧತಿಯನ್ನು ಎಲ್ಲಿ ನೋಡಿ ಕದ್ದಳು ಎಂಬುದೊಂದು ತಿಳಿಯಬೇಕು.

ಫೆಬ್ರುವರಿ 26, ಬುಧವಾರ

ಹೋಗಿ ಬಂದೆ.

ಊಟದ ಬಿಡುವಿನ ಹೊತ್ತು. ಶಿಕ್ಷಕರ ಕೋಣೆಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡೆ. ಕಿಟಕಿಯ ಬಳಿ ಕೂತಿದ್ದವಳು ತಲೆಯೆತ್ತಿ ನೋಡಿ ಕುರ್ಚಿ ಬೀಳುವ ಹಾಗೆ ಎದ್ದಳು.

"ಟೀಚರ್! ನೀವಾ!"

ಎರಡುಜಡೆ. ಈಗ ಜಡೆಯಿಲ್ಲ, ಕೂದಲು ಕತ್ತರಿಸಿಕೊಂಡಿದ್ದಾಳೆ. ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ಜನವರಿಯಲ್ಲಿ ಇಲ್ಲಿಗೆ ವರ್ಗ ಆಯ್ತು ಟೀಚರ್. ನೀವು ಈಗ ಈ ಊರಲ್ಲೇ ಇದ್ದೀರಾ? ನೋಡಿ, ನೋಡಿ ಇಲ್ಲಿ" ಎಂದು ಮೇಜಿನ ಹತ್ತಿರ ಎಳೆದುಕೊಂಡು ಹೋದಳು. ಮೇಜಿನ ಮೇಲೆ ನನ್ನ ಮರಳುಗಡಿಯಾರ. ಒಂದು ಸಲ ಕೈಜಾರಿ ಬಿದ್ದು ಮುರಿದಿದ್ದ ಅದರ ಕಾಲಿಗೆ ನಾನೇ ಸುತ್ತಿದ ಕೆಂಪು ದಾರ ಇನ್ನೂ ಹಾಗೇ ಇದೆ.

"ನಿಮ್ಮ ಮರಳು ಲೆಕ್ಕ ನಾನು ಒಂದು ದಿನಾನೂ ಬಿಟ್ಟಿಲ್ಲ ಟೀಚರ್. ಒಂದು ಅಕ್ಷರ ಆಚೆ ಈಚೆ ಇಲ್ಲ."

ಜೋಡಿಸಿಕೊಂಡು ಹೋದ ಮಾತುಗಳೆಲ್ಲ ಎಲ್ಲಿ ಹೋದವೋ. "ನನ್ನ ಮೊಮ್ಮಗಳು ನಿನ್ನ ಕ್ಲಾಸಿನಲ್ಲಿದ್ದಾಳೆ" ಎಂದು ಮಾತ್ರ ಹೇಳಿದೆ. ಯಾರೆಂದು ಹೇಳಿದೆ. ಅವಳ ಮುಖ ಇಳಿಯಿತು. ಒದ್ದೆಯಾದ ದಿನದ ಮಾತನ್ನು ಮೆಲ್ಲಗೆ ಹೇಳಿದೆ, ಬೇರೆ ಟೀಚರುಗಳು ಕೇಳದ ಹಾಗೆ.

"ಅದು... ಸುಳ್ಳು ನೆಪ ಅಂದ್ಕೊಂಡೆ ಟೀಚರ್. ಆಮೇಲೆ ನನಗೂ ಬೇಜಾರಾಯ್ತು. ಆದ್ರೆ ಎರಡು ದಿನ ಕಷ್ಟ ಪಟ್ಟರೆ ಗಟ್ಟಿ ಆಗ್ತಾರೆ ಅಲ್ವಾ? ನಾನು ಆಗಿಲ್ವಾ? ನೀವು ನನ್ನನ್ನ ನಿಲ್ಲಿಸಿದ ವಾರ ನಾನು ದಿನಾ ಬೆಳಗ್ಗೆ ವಾಂತಿ ಮಾಡ್ಕೊಂಡು ಬರ್ತಿದ್ದೆ. ಅಮ್ಮನಿಗೂ ಹೇಳಿರಲಿಲ್ಲ" ಎಂದು ನಗಲು ನೋಡಿದಳು.

"ಅದನ್ನ ನನಗೆ ವಾಪಸ್ ಕೊಡು" ಎಂದೆ. "ನಾನು ಕೊಡಬಾರದಿತ್ತು. ಮಕ್ಕಳನ್ನ ಹಾಗೆ ನಿಲ್ಲಿಸಬಾರದು."

ಅವಳು ನನ್ನನ್ನೇ ನೋಡಿದಳು. ಆ ನೋಟ ನನಗೆ ಗೊತ್ತು, ಹನ್ನೊಂದು ವರ್ಷದ ಎರಡುಜಡೆ ಮೂರನೇ ಬೆಂಚಿನಿಂದ ಹೀಗೇ ನೋಡುತ್ತಿದ್ದಳು.

"ಹಾಗಾದ್ರೆ ನನ್ನನ್ನ ಯಾಕೆ ನಿಲ್ಲಿಸಿದ್ರಿ ಟೀಚರ್?"

ಉತ್ತರ ಗೊತ್ತಿರಲಿಲ್ಲ. ಬೆಲ್ ಹೊಡೆಯುವವರೆಗೂ ನಿಂತಿದ್ದೆ. ಅವಳು ಮುಖ ಆಚೆ ತಿರುಗಿಸಿ ಮರಳುಗಡಿಯಾರವನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿ ತರಗತಿಗೆ ಹೋದಳು.

ಫೆಬ್ರುವರಿ 27, ಗುರುವಾರ

ಮರಳುಗಡಿಯಾರವನ್ನು ಚೀಲದಲ್ಲಿ ಬಚ್ಚಿಟ್ಟು ಒಂದು ದಿನ ಕಳೆದೆ. ಇವತ್ತು ತೆಗೆದು ಊಟದ ಮೇಜಿನ ಮೇಲಿಟ್ಟೆ. ಬಚ್ಚಿಡುವ ಕೆಲಸ ನನಗೆ ಒಗ್ಗುವುದಿಲ್ಲ.

ಕಡ್ಡಿ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. "ಅದು ಇಲ್ಲಿಗೆ ಹೇಗೆ ಬಂತು?"

"ಅದು ನಂದು ಕಣೇ. ನಿಮ್ಮ ಟೀಚರಿಗೆ ನಾನೇ ಕೊಟ್ಟಿದ್ದು. ಅವಳು ಚಿಕ್ಕವಳಿದ್ದಾಗ ನಾನೇ ಅವಳನ್ನ ಹಾಗೆ ನಿಲ್ಲಿಸ್ತಿದ್ದೆ. ಅವಳು ನನ್ನಿಂದ ಕಲಿತಳು." ಇಷ್ಟು ಹೇಳುವಷ್ಟರಲ್ಲಿ ನನಗೆ ಬೆವರು ಬಂತು. "ತಪ್ಪು ನಂದೇ."

ಅಳುತ್ತಾಳೆ ಅಥವಾ ಒಳಗೆ ಓಡಿಹೋಗುತ್ತಾಳೆ ಎಂದುಕೊಂಡೆ. ಎರಡೂ ಮಾಡಲಿಲ್ಲ. ಮೇಜಿನ ಹತ್ತಿರ ಬಂದು, ನನ್ನ ಕುರ್ಚಿಯಲ್ಲಿ ಕೂತು, ಮರಳುಗಡಿಯಾರವನ್ನು ತಿರುಗಿಸಿಟ್ಟಳು.

"ನಿಂತ್ಕೋ ಅಜ್ಜಿ. ಹದಿನೇಳು ಹದಿಮೂರಲಿ ಎಷ್ಟು?"

ನಿಂತೆ.

ಮರಳಿಗೆ ಸದ್ದಿದೆ. ಮೂವತ್ತೊಂದು ವರ್ಷ ಅದರ ಪಕ್ಕದಲ್ಲಿ ಕೂತಿದ್ದೆ, ಒಂದು ದಿನವೂ ನನಗೆ ಕೇಳಿಸಿರಲಿಲ್ಲ. ಮೊಣಕಾಲು ನೋಯುತ್ತಿತ್ತು, ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಉತ್ತರ ನನಗೆ ಗೊತ್ತಿಲ್ಲದೇನಲ್ಲ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆದರೆ ಆ ಹುಡುಗಿ ಮರಳನ್ನೇ ನೋಡುತ್ತಾ ಕೂತಿದ್ದಳು, ನನ್ನ ಬಾಯಿ ಏಳಲಿಲ್ಲ. ಕೊನೆಯ ಕಾಳು ಬಿದ್ದಾಗ "ಗೊತ್ತಿಲ್ಲ" ಎಂ‌ದೆ.

"ಇನ್ನೂರ ಇಪ್ಪತ್ತೊಂದು" ಎಂದಳು ಕಡ್ಡಿ. "ಕೂತ್ಕೋ ಅಜ್ಜಿ. ಗೊತ್ತಿಲ್ದಿದ್ರೂ ಕೂತ್ಕೋಬಹುದು."

ಕೂತೆ. ಕಣ್ಣು ತುಂಬಿ ಬಂತು, ಮೊಣಕಾಲು ನೋವೆಂದೆ. ಅವಳು ಒಳಗೆ ಹೋಗಿ ಮುಲಾಮು ತಂದುಕೊಟ್ಟಳು.

ಮಾರ್ಚ್ 2, ಭಾನುವಾರ

ಆಟ ಮುಗಿಯಿತು. ಐದನೇ ಮತ್ತು ಆರನೇ ಕೋಣೆ ಮೊನ್ನೆಯೇ ಆಗಿದ್ದವು. ಪೆಟ್ಟಿಗೆಯ ಮರಳುಗಡಿಯಾರವನ್ನು ಕಡ್ಡಿ ಮಲಗಿಸಿಟ್ಟಿದ್ದಾಳೆ, ನನ್ನದನ್ನೂ ಅದರ ಪಕ್ಕ ಮಲಗಿಸಿದ್ದಾಳೆ. ಏಳನೆಯದು ಶಾಲೆಯ ದೊಡ್ಡ ಗೇಟು. ನನಗೆ ಬಿಲ್‌ಕುಲ್ ಹೊಳೆಯಲಿಲ್ಲ. ಕೈ ಎತ್ತಿ "ಒಂದು ಸುಳಿವು ಬೇಕು" ಎಂದೆ. ಮಗಳು ಬಾಯಿಬಿಟ್ಟುಕೊಂಡು ನೋಡಿದಳು. ಏನು, ನಾನು ಸುಳಿವು ಕೇಳಬಾರದೇ?

ಗೇಟು ತೆರೆದರೆ ಕೊನೆಯ ಕಾರ್ಡಿನಲ್ಲಿ ಒಂದು ಕೋಷ್ಟಕ. ಒಂದು ಗಂಟೆಯೊಳಗೆ ಮುಗಿಸಿದವರು ಮಹಾಮಾಂತ್ರಿಕರು, ಒಂದೂವರೆ ಗಂಟೆಯವರು ಮಾಂತ್ರಿಕರು. ಎರಡು ಗಂಟೆ ದಾಟಿದವರು ಮತ್ತೆ ಒಂದನೇ ತರಗತಿಗೆ ಹೋಗಬೇಕಂತೆ.

"ನಾವು ಇಪ್ಪತ್ತೈದು ದಿನ ತಗೊಂಡ್ವಿ ಅಜ್ಜಿ. ಫೇಲ್!" ಎಂದು ಕಡ್ಡಿ ಬಿದ್ದುಬಿದ್ದು ನಕ್ಕಳು. ನಾನು ಕೆಂಪು ಪೆನ್ನು ತೆಗೆದುಕೊಂಡು ಕೋಷ್ಟಕದ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಇಪ್ಪತ್ತೈದು ದಿನ, ತೇರ್ಗಡೆ. ಇಂಥ ಅಪೂರ್ಣ ಕೋಷ್ಟಕ ಮಾಡಿದವರಿಗೆ ಇನ್ನೊಂದು ಕಾಗದ ಬರೆಯಬೇಕು. ಮೊದಲಿನ ಕಾಗದಕ್ಕೆ ಕ್ಷಮೆಯನ್ನೂ ಕೇಳಬೇಕು, ಅದೊಂದು ಕರ್ಮ.

ನಗು ನಿಂತ ಮೇಲೆ ಕೇಳಿದಳು. "ನಾಳೆ ಮತ್ತೆ ನಿಲ್ಲಿಸಿದ್ರೆ?"

ನಿಲ್ಲಿಸುವುದಿಲ್ಲ ಎಂದು ಹೇಳಲು ಮಗಳು ಬಾಯಿ ತೆರೆದಳು. ನಾನು ಕಣ್ಣಲ್ಲೇ ತಡೆದೆ. "ನನಗೆ ಗೊತ್ತಿಲ್ಲ ಕಣೇ" ಎಂದೆ. "ನಾನು ಗೇಟಿನ ಹತ್ತಿರ ಇರ್ತೀನಿ."

ಮಾರ್ಚ್ 3, ಸೋಮವಾರ

ಏಳು ನಲವತ್ತಕ್ಕೆ ಹೊಟ್ಟೆನೋವು ಬಂತು. "ನೋವಿದೆ" ಎಂದಳು, ಹೇಳುತ್ತಲೇ ಶೂ ಹಾಕಿಕೊಂಡಳು. ನಾನು ಬಾಟಲಿ ತುಂಬಿಸಿ ಚೀಲಕ್ಕೆ ಹಾಕಿದೆ. ಕುಡಿ ಎಂದು ಹೇಳಲಿಲ್ಲ.

ಶಾಲೆಯ ಗೇಟಿನ ಮುಂದೆ ಬಂದು ಅವಳ ಕಾಲು ನಿಂತುಹೋಯಿತು. ನಾನೂ ನಿಂತೆ. ಮಕ್ಕಳೆಲ್ಲ ನಮ್ಮನ್ನು ಬಳಸಿಕೊಂಡು ಒಳಗೆ ಹೋದರು. ಬೆಲ್ ಹೊಡೆಯಿತು. ಕಾವಲಿನವನು ಗೇಟು ಅರ್ಧ ಎಳೆದು "ಒಳಗೋ ಹೊರಗೋ ಬೇಗ ಹೇಳಿ" ಎಂದ. "ಇನ್ನರ್ಧ ಆಮೇಲೆ ಎಳಿ, ಗೇಟೇನು ಓಡಿಹೋಗುತ್ತಾ?" ಎಂದು ಗದರಿಸಿದೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ ಗೊತ್ತಿಲ್ಲ. ಗಡಿಯಾರ ನೋಡಲಿಲ್ಲ.

ಒಳಗಿನಿಂದ ಎರಡುಜಡೆ ಬಂದಳು. ನನ್ನ ಮುಖ ನೋಡಲಿಲ್ಲ. ಗೇಟನ್ನು ಕೈಯಲ್ಲಿ ಹಿಡಿದುಕೊಂಡು ಕಡ್ಡಿಗೆ ಮಾತ್ರ ಹೇಳಿದಳು. "ಎರಡನೇ ಬೆಂಚಲ್ಲಿ ನಿನ್ನ ಜಾಗ ಹಾಗೇ ಇದೆ. ಬಂದು ಕೂತ್ಕೋ."

ಕಡ್ಡಿ ನನ್ನ ಬೆರಳು ಬಿಟ್ಟಳು. ಒಳಗೆ ಹೋಗುವಾಗ ತಿರುಗಿ ನೋಡಲಿಲ್ಲ.

ನಾನು ಎದುರುಗಡೆ ಕಟ್ಟೆಯ ಮೇಲೆ ಕೂತೆ. ಬಿಸಿಲೇರಿದಾಗ ಕಾವಲಿನವನೇ ಕುರ್ಚಿ ತಂದುಕೊಟ್ಟ.

ಸಂಜೆ ಮನೆಗೆ ಬಂದು ಅವಳು ಕೈಕಾಲು ತೊಳೆಯಲು ಹೋದಾಗ ಚೀಲಕ್ಕೆ ಕೈ ಹಾಕಿದೆ. ಬಾಟಲಿ ಹಗುರವಾಗಿತ್ತು. ಅಲ್ಲಾಡಿಸಿದೆ, ಒಂದು ಹನಿಯಿಲ್ಲ. ಮುಚ್ಚಳ ನೋಡಿದೆ, ಬಿಗಿಯಾಗಿತ್ತು. ಚೀಲದ ಒಳಗೆಲ್ಲ ಮುಟ್ಟಿ ನೋಡಿದೆ, ಪುಸ್ತಕಗಳು ಒಣಗಿಯೇ ಇದ್ದವು. ಬಚ್ಚಲಿಗೆ ಹೋಗಿ ಬಿಚ್ಚಿಹಾಕಿದ ಸ್ಕರ್ಟು ಮುಟ್ಟಿ ನೋಡಿದೆ. ಅದೂ ಒಣಗಿಯೇ ಇತ್ತು.

"ಏನು ಹುಡುಕ್ತಿದ್ದೀಯಾ ಅಜ್ಜಿ?"

"ನೀರೆಲ್ಲಾ ಏನಾಯ್ತೇ?"

"ಕುಡಿದೆ" ಎಂದಳು, ಮುಖ ಒರೆಸಿಕೊಳ್ಳುತ್ತಾ. "ಎರಡು ಸಲ ಕೇಳಿ ಹೋಗಿ ಬಂದೆ. ನಾಳೆ ದೊಡ್ಡ ಬಾಟಲಿ ಕೊಡು."